ಹಗ್ಗದ ಮೇಲೆ ಹಾಜರಿ

ವಿಶ್ವನಾಥ ಮಾಸ್ತರರು ಹಲಗೆಯ ಕಡೆ ತಿರುಗಿ ಒಂದು ಸಮೀಕರಣ ಬರೆದರು. ಉದ್ದದ್ದೇ ಸಮೀಕರಣ, ಒಪ್ಪಿಕೊಳ್ಳೋಣ. ಹಲಗೆಯ ಈ ತುದಿಯಿಂದ ಆ ತುದಿಗೆ ಹೋಗಿ, ಜಾಗ ಸಾಲದೆ ಕೆಳಗಿನ ಸಾಲಿಗೂ ಇಳಿಯಿತು. ಬರೆದು ಮುಗಿಸಿ, ಬೆರಳಿಗಂಟಿದ ಸೀಮೆಸುಣ್ಣ ಕೊಡವಿ, ಅರ್ಥವಾಯಿತೇ ಎಂದು ಕೇಳಲು ಈ ಕಡೆ ತಿರುಗಿದರೆ ಕೋಣೆಯಲ್ಲಿ ಉಳಿದಿದ್ದವಳು ದೀಕ್ಷಾ ಒಬ್ಬಳೇ. ಉಳಿದ ಇಪ್ಪತ್ತನಾಲ್ಕು ಮಂದಿಯ ಜಾಗದಲ್ಲಿ ಇಪ್ಪತ್ತನಾಲ್ಕು ಚೀಲಗಳು ಕುಳಿತು ಪಾಠ ಕೇಳುತ್ತಿದ್ದವು.

ತಪ್ಪು ಕಿಟಕಿಯದು. ಗಾಳಿ ಚೆನ್ನಾಗಿ ಬರುತ್ತದೆ, ಮಕ್ಕಳ ತಲೆ ಓಡುತ್ತದೆ ಎಂದು ಮಾಸ್ತರರೇ ಹಟ ಹಿಡಿದು ಈ ತರಗತಿಗೆ ಕಡಲ ಕಡೆಯ ಕೋಣೆ ಪಡೆದಿದ್ದರು. ಗಾಳಿಯೂ ಬಂತು, ತಲೆಯೂ ಓಡಿತು. ಈಗ ಮಕ್ಕಳೂ ಓಡಿದ್ದರು.

"ನೀರು ಕಪ್ಪಾಗಿದೆ ಅಂತ ಬೆಳ್ಳಿ ಹೇಳಿದ್ಲು ಸರ್. ಬಂಗಡೆ ಬಂದಿದೆಯಂತೆ. ಎಲ್ಲ ರಂಪಣಿ ಬಲೆ ಎಳೆಯೋಕೆ ಹೋದ್ರು," ಎಂದಳು ದೀಕ್ಷಾ. ಅಪ್ಪನಿಗೆ ವರ್ಗವಾಗಿ ಈ ವರ್ಷವಷ್ಟೇ ಕುಮಟೆಯಿಂದ ಬಂದ ಹುಡುಗಿ. ಸ್ವಲ್ಪ ತಡೆದು ಕೇಳಿದಳು, "ನಾನೂ ಹೋಗ್ಲಾ ಸರ್?"

ಗಡಿಯಾರದಲ್ಲಿ ಹತ್ತೂಕಾಲು. ಹನ್ನೊಂದಕ್ಕೆ ಕಾರವಾರದಿಂದ ಜಗದೀಶ ಸಾಹೇಬರು ತಪಾಸಣೆಗೆ ಬರುವವರಿದ್ದರು.

ಹೊನ್ನಾವರದ ಆಚೆ, ಕಡಲಿಗೆ ಬೆನ್ನು ಕೊಟ್ಟು ನಿಂತ ಸರಕಾರಿ ಹೈಸ್ಕೂಲು ಅದು. ಅಕ್ಕಪಕ್ಕದ ಕೇರಿಗಳಿಂದ, ಮಾವಿನಕುರ್ವೆಯಿಂದ ಮಕ್ಕಳು ಬರುತ್ತಿದ್ದರು. ಎರಡು ವರ್ಷದ ಹಿಂದೆ ಇಲಾಖೆ ಇದಕ್ಕೊಂದು 'ಪ್ರತಿಭಾ ವರ್ಗ' ಕೊಟ್ಟಿತ್ತು. ಪಠ್ಯದಲ್ಲಿ ಇಲ್ಲದ ಗಣಿತ, ಕಾಲೇಜಿನವರು ಬೆವರುವಂಥ ಲೆಕ್ಕ, ಊರೂರಿನ ಸ್ಪರ್ಧೆಗಳಿಗೆ ತಯಾರಿ. ಷರತ್ತು ಒಂದೇ. ತಪಾಸಣೆಯ ದಿನ ಇಪ್ಪತ್ತೈದು ಮಕ್ಕಳು ಹಾಜರಿರಬೇಕು. ಒಬ್ಬರು ಕಡಿಮೆಯಾದರೂ ವರ್ಗ ರದ್ದು. ವರ್ಗ ರದ್ದಾದರೆ ಗಣಿತದ ಎರಡನೆಯ ಮಾಸ್ತರರು, ಅಂದರೆ ವಿಶ್ವನಾಥರು, ಹೆಚ್ಚುವರಿ. ಹೆಚ್ಚುವರಿಯಾದವರಿಗೆ ತಾಲೂಕಿನಾಚೆ ಒಂದೇ ಒಂದು ಜಾಗ ಖಾಲಿ ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಯಾಣದ ದಾರಿಯ ತುದಿಯ ಶಾಲೆ. ಸಂಜೆ ನಾಲ್ಕರ ಬಸ್ಸು ತಪ್ಪಿದರೆ ಮರುದಿನ ಬೆಳಗಿನವರೆಗೆ ಕಾಡು ನೋಡುತ್ತ ಕೂರಬೇಕು.

ಮಾಸ್ತರರ ಬಾಡಿಗೆ ಮನೆ ದಂಡೆಯಿಂದ ನಾಲ್ಕು ಕಂಪೌಂಡು ದೂರ. ಹೆಂಡತಿ ಮಾಲತಿಯ ಕೆಲಸ ಹೊನ್ನಾವರದಲ್ಲಿ. ದೋಣಿಯಿಂದ ಇಳಿದ ಮೀನು ಅರ್ಧ ತಾಸಿನಲ್ಲಿ ಬಾಣಲೆಗೆ ಬರುವ ಊರು. ಇದನ್ನೆಲ್ಲ ಬಿಟ್ಟು ಹೋಗಲು ಅವರಿಗೆ ಸುತರಾಂ ಮನಸ್ಸಿರಲಿಲ್ಲ. ಆದರೆ ಹೆದರುವ ಜಾತಿಯ ಮನುಷ್ಯರಲ್ಲ ಅವರು. ತಾಲೂಕಿನ ಸಭೆಯಲ್ಲಿ ಎದ್ದು ನಿಂತು, "ಮಕ್ಕಳು ಬಿಡಿ, ನಾನು ಕಲ್ಲಿಗೂ ಗಣಿತ ಕಲಿಸಬಲ್ಲೆ" ಎಂದಿದ್ದರು. ಆಮೇಲೆ ಆ ಮಾತನ್ನು ಎಷ್ಟು ಸಲ ಹೇಳಿದ್ದರೆಂದರೆ, ಅವರು 'ಮಕ್ಕಳು ಬಿಡಿ' ಎಂದರೆ ಸಾಕು, ಉಳಿದದ್ದನ್ನು ಸ್ಟಾಫ್ ರೂಮೇ ಹೇಳಿ ಮುಗಿಸುತ್ತಿತ್ತು.

ಶಾಲೆಯ ಹೆಡ್‌ಮಿಸ್ಸೂ ಗಣಿತದ ಮೊದಲ ಟೀಚರೂ ಆಗಿದ್ದ ಮಹಾಲಕ್ಷ್ಮೀ ಅಕ್ಕೋರು ಓಡಿ ಬಂದರು. ಖಾಲಿ ಕೋಣೆ ನೋಡಿ, ಒಂಬತ್ತನೇ ಬಿ ವಿಭಾಗದ ಮಕ್ಕಳನ್ನು ತಂದು ಕೂರಿಸೋಣವೇ ಎಂದು ಸಣ್ಣ ದನಿಯಲ್ಲಿ ಕೇಳಿದರು. ಹೋಗಿ ನೋಡಿದರೆ ಒಂಬತ್ತನೇ ಬಿಯೂ ಇಲ್ಲ, ಎಂಟನೆಯದೂ ಇಲ್ಲ. ಗಂಟೆ ಹೊಡೆಯುವ ಜವಾನ ದಾಸನೂ ಇರಲಿಲ್ಲ.

"ಹತ್ತು ನಿಮಿಷ ಅಕ್ಕೋರೇ. ಹೋದೆ, ಬಂದೆ," ಎಂದು ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಮಾಸ್ತರರು ದಂಡೆಗೆ ಹೊರಟರು. ದೀಕ್ಷಾ ಅವರಿಗಿಂತ ಮುಂದೆ ಓಡುತ್ತಿದ್ದಳು.

ರಂಪಣಿಯೆಂದರೆ ಒಬ್ಬಿಬ್ಬರ ಕೆಲಸವಲ್ಲ. ದೋಣಿ ಹೋಗಿ ಕಡಲಲ್ಲಿ ಬಲೆಯನ್ನು ಅರ್ಧ ಸುತ್ತು ಇಳಿಸಿ ಬರುತ್ತದೆ. ಬಲೆಯ ಎರಡು ಕಡೆಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಗುಂಪಾಗಿ ನಿಂತು ಇಡೀ ಕೇರಿ ಎಳೆಯುತ್ತದೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು, ದೊಡ್ಡವರಿಗೆ ಇಡೀ, ಮಕ್ಕಳಿಗೆ ಅರ್ಧ. ಅಂಥ ದಿನ ವರ್ಷಕ್ಕೆ ನಾಲ್ಕೈದು ಬಂದರೆ ಹೆಚ್ಚು. ಸಮೀಕರಣ ನಾಳೆಯೂ ಹಲಗೆಯ ಮೇಲೆ ಇರುತ್ತದೆ, ಬಂಗಡೆ ಇರುವುದಿಲ್ಲ ಎಂಬುದು ಮಕ್ಕಳ ಲೆಕ್ಕ. ಆ ಲೆಕ್ಕದಲ್ಲಿ ತಪ್ಪು ಹುಡುಕುವುದು ಮಾಸ್ತರರಿಗೂ ಕಷ್ಟವಾಗುತ್ತಿತ್ತು.

ಬಲೆಯ ತಾಂಡೇಲ ದುರ್ಗ ಸೊಂಟಕ್ಕೆ ಕೈಯಿಟ್ಟು ಎಲ್ಲರನ್ನೂ ನಡೆಸುತ್ತಿದ್ದ. ತಮ್ಮ ಇಪ್ಪತ್ತನಾಲ್ಕು ಮಕ್ಕಳನ್ನು ಒಂದು ತಾಸಿನ ಮಟ್ಟಿಗೆ ಬಿಟ್ಟುಕೊಡಬೇಕೆಂದು ಮಾಸ್ತರರು ಕೇಳಿಕೊಂಡರು. ದುರ್ಗ ಕಡಲಿನಿಂದ ಕಣ್ಣು ತೆಗೆಯಲಿಲ್ಲ.

"ಹಗ್ಗ ಹಿಡ್ದ ಕೈ ಬಲೆ ಮೇಲೆ ಬರುವರೆಗೆ ಬಿಡುಕೆ ಆಗುದಿಲ್ಲ ಮಾಸ್ತರ್ರೇ. ಈಗ ಇಪ್ಪತ್ತನಾಲ್ಕು ಕೈ ಬಿಟ್ರೆ ಬಲೆ ಬುಡ ಎದ್ದು ಮೀನೆಲ್ಲ ಖಾಲಿ. ಕೇರಿಯವ್ರಿಗೆ ಎಂತ ಹೇಳುದು ನಾನು?"

"ಎಷ್ಟು ಹೊತ್ತು ಬೇಕು?"

"ಕೈ ಹೆಚ್ಚಾದ್ರೆ ಬೇಗ."

ಕೈ ಹೆಚ್ಚಾದರೆ ಹೊತ್ತು ಕಡಿಮೆ. ಕೆಲಸ ಮತ್ತು ಕಾಲದ ಈ ಲೆಕ್ಕವನ್ನು ಅವರೇ ಹದಿನೆಂಟು ವರ್ಷದಿಂದ ಕಲಿಸುತ್ತ ಬಂದಿದ್ದರು. ತಪಾಸಣೆಗೆಂದು ಮಾಲತಿ ಇಸ್ತ್ರಿ ಮಾಡಿಕೊಟ್ಟ ಬಿಳಿ ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಹಾಜರಿ ಪುಸ್ತಕವನ್ನು ದೀಕ್ಷಾಳ ಕೈಗೆ ಕೊಟ್ಟು, ಹಗ್ಗ ಹಿಡಿದರು. ಹಿಡಿದ ಮೇಲೆ ಹೊಳೆಯಿತು, ಇನ್ನು ತಾವೂ ಬಿಡುವ ಹಾಗಿಲ್ಲ.

ಹಿಂದೆ ಹಗ್ಗ ಸುತ್ತುತ್ತ ಕುಳಿತಿದ್ದ ಮೀನಿನ ಗಣಪಿ, ಅಂದರೆ ಬೆಳ್ಳಿಯ ಅಜ್ಜಿ, ಮಾಸ್ತರರನ್ನು ಮೇಲಿಂದ ಕೆಳಗೆ ನೋಡಿದಳು. "ಕೈಯಲ್ಲಿ ಅಲ್ಲ ಮಾಸ್ತರ್ರೇ, ಸೊಂಟ್ದಲ್ಲಿ ಎಳೀರಿ. ಹಲಗೆ ಒರ್ಸಿದಂಗೆ ಎಂತ ಮಾಡ್ತ್ರಿ ಅದು?" ಹಗ್ಗದುದ್ದಕ್ಕೂ ನಗೆ ಹರಿಯಿತು. ಬಲೆ ಮಾತ್ರ ಒಂದು ಗೇಣೂ ಅವಸರ ಮಾಡಲಿಲ್ಲ.

ಹನ್ನೊಂದು ಹೊಡೆಯಲು ದಾಸ ಶಾಲೆಯಲ್ಲಿರಲಿಲ್ಲ. ಆದರೂ ಸಾಹೇಬರು ಸರಿಯಾದ ಹೊತ್ತಿಗೇ ಬಂದರು. ಬೂಟಿನಲ್ಲಿ ಹೊಯಿಗೆ ತುಂಬಿಕೊಳ್ಳುತ್ತ ಅವರು, ಪಕ್ಕದಲ್ಲಿ ಸೆರಗು ಹಿಡಿದುಕೊಂಡು ಅಕ್ಕೋರು, ಇಬ್ಬರೂ ದಂಡೆಗಿಳಿದು ಬರುವುದು ಮಾಸ್ತರರಿಗೆ ಕಂಡಿತು. ಬೇರೆ ಯಾರಾದರೂ ಆಗಿದ್ದರೆ ಆ ಹೊಯಿಗೆಯಲ್ಲೇ ಹೂತುಹೋಗುತ್ತಿದ್ದರು. ವಿಶ್ವನಾಥ ಮಾಸ್ತರರು ಎದೆ ಸೆಟೆಸಿದರು, ಕೈ ಮುಗಿಯಲಾಗದೆ ತಲೆ ಬಾಗಿಸಿದರು.

"ಎಲ್ಲಿ ಮಾಸ್ತರ್ರೇ ನಿಮ್ಮ ಪ್ರತಿಭಾ ವರ್ಗ?"

"ಇದೇ ಸರ್. ಇವತ್ತು ಪ್ರಾಯೋಗಿಕ."

ಅಕ್ಕೋರು ಕಣ್ಣು ಮುಚ್ಚಿಕೊಂಡರು. ಸಾಹೇಬರು ಹಗ್ಗವನ್ನೂ ಮಕ್ಕಳನ್ನೂ ನೋಡಿ, ಹಾಗಾದರೆ ಹಾಜರಿ ತೆಗೆಯಿರಿ ಎಂದರು. ದೀಕ್ಷಾ ಪುಸ್ತಕ ಬಿಡಿಸಿ ಹಿಡಿದಳು, ಮಾಸ್ತರರು ಹಗ್ಗ ಎಳೆಯುತ್ತಲೇ ಒಂದೊಂದು ಹೆಸರು ಕೂಗಿದರು. ಈ ಹಗ್ಗದಿಂದ ಒಂದು 'ಹಾಜರ್', ಆ ಹಗ್ಗದಿಂದ ಒಂದು 'ಹಾಜರ್'. ಇಪ್ಪತ್ತನಾಲ್ಕಕ್ಕೆ ಬಂದು ನಿಂತಿತು. ಸುಹಾಸ ಎಂದರೆ ಉತ್ತರವಿಲ್ಲ. ಮತ್ತೊಮ್ಮೆ ಕೂಗಿದರು. ಯಾಣದ ದಾರಿಯ ತಿರುವುಗಳೆಲ್ಲ ಒಮ್ಮೆಗೇ ಕಣ್ಣ ಮುಂದೆ ಬಂದವು.

ಆಗ ನೀರಿನಲ್ಲಿ, ಬಲೆಯ ತೇಲುಗುಂಡುಗಳ ನಡುವೆ, ಒಂದು ತಲೆ ಮೇಲೆ ಬಂತು. ಬಾಯಲ್ಲಿದ್ದ ಉಪ್ಪುನೀರು ಉಗುಳಿ, "ಹಾಜರ್ ಸರ್" ಎಂದು ದಂಡೆಗೆ ಕೇಳುವಂತೆ ಕೂಗಿತು. ಮೀನು ಹಾರಿ ಹೋಗದಂತೆ ಬಲೆ ಎತ್ತಿ ಹಿಡಿಯಲು ದುರ್ಗ ಅವನನ್ನು ಇಳಿಸಿದ್ದ.

ಇಪ್ಪತ್ತೈದು. ಮಾಸ್ತರರಿಗೆ ಉಸಿರು ಬಂತು.

ಸಾಹೇಬರು ಅಷ್ಟಕ್ಕೆ ಬಿಡಲಿಲ್ಲ. ಪ್ರಾಯೋಗಿಕವೆಂದ ಮೇಲೆ ಪ್ರಶ್ನೆಯೂ ಬೇಕಲ್ಲ. ಮೊದಲು ಸಿಕ್ಕವಳು ಬೆಳ್ಳಿ. ಬಲೆ ದಂಡೆಯಿಂದ ಎಷ್ಟು ದೂರ ಇದೆ ಎಂದು ಕೇಳಿದರು. ಬೆಳ್ಳಿ ಹಗ್ಗ ಬಿಡದೆ ಹಿಂದೆ ತಿರುಗಿ ಅಜ್ಜಿಯ ಪಕ್ಕದ ಹಗ್ಗದ ಸುರುಳಿ ನೋಡಿದಳು.

"ಹತ್ತು ಮಾರಿಗೊಂದು ಗಂಟು ಸರ್. ಮೂವತ್ತು ಗಂಟಲ್ಲಿ ಹದಿನೇಳು ಬಂತು, ನೀರಲ್ಲಿ ಹದಿಮೂರು. ಅಂದ್ರೆ ನೂರಮೂವತ್ತು ಮಾರು. ಎರಡು ಗುಂಪಿನ ನಡುವೆ ನೂರು ಮಾರು, ಅದರರ್ಧ ಐವತ್ತು. ನೂರಮೂವತ್ತರ ವರ್ಗದಲ್ಲಿ ಐವತ್ತರ ವರ್ಗ ಕಳೆದು ಮೂಲ ತೆಗೆದ್ರೆ ನೂರಿಪ್ಪತ್ತು." ಒಂದು ಸಲ ಹಗ್ಗ ಎಳೆದು ಮುಂದುವರಿಸಿದಳು. "ಆದ್ರೆ ಹಗ್ಗ ನೀರಲ್ಲಿ ಜೋಲ್ತದೆ. ನೂರ ಹತ್ತು ಅಂತ ಹಿಡೀಬೇಕು."

ಸಾಹೇಬರು ದುರ್ಗನ ಕಡೆ ನೋಡಿದರು. ದುರ್ಗ ಕಣ್ಣು ಕಿರಿದು ಮಾಡಿ ನೀರು ನೋಡಿ, "ನೂರ ಹತ್ತು," ಎಂದ.

"ಇದನ್ನ ನಿಂಗೆ ಯಾರು ಕಲಿಸಿದ್ರು?"

"ಗಂಟು, ಜೋಲು ಅಜ್ಜಿ ಹೇಳಿದ್ದು. ವರ್ಗ, ಮೂಲ ಮಾಸ್ತರ್ರು."

ಎರಡು ವರ್ಷ ಹಲಗೆಯ ಮುಂದೆ ಕೂಗಿದ್ದು ಇಷ್ಟು ಚೆನ್ನಾಗಿ ಒಳಗಿಳಿದಿದೆ ಎಂದು ಮಾಸ್ತರರಿಗೇ ಗೊತ್ತಿರಲಿಲ್ಲ. ಅಲ್ಲಿಗೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ಸುಮ್ಮನಿರುವುದು ಅವರಿಗೆ ಯಾರೂ ಕಲಿಸಿರಲಿಲ್ಲ.

"ಮಕ್ಕಳು ಬಿಡಿ ಸರ್," ಎಂದು ಶುರು ಮಾಡಿದರು. ಉಳಿದದ್ದನ್ನು ಹಗ್ಗದ ಆ ಬದಿಯಿಂದ ದಾಸನೂ ಜೊತೆಗೆ ಹೇಳಿದ.

ಬಲೆ ಹತ್ತಿರ ಬರುತ್ತ ನೀರು ಬೆಳ್ಳಗೆ ಕುದಿಯತೊಡಗಿತು. ಅದನ್ನು ನೋಡಿ ಸಾಹೇಬರ ಸರಕಾರಿ ಕನ್ನಡ ಹೋಗಿ ಮನೆಯ ಕೊಂಕಣಿ ಬಂತು. ಬೂಟು ಕಳಚಿ ಅಕ್ಕೋರ ಮುಂದೆ ಇಟ್ಟು, ಮಾಸ್ತರರ ಹಿಂದೆ ಹಗ್ಗಕ್ಕೆ ಕೈ ಹಾಕಿಯೇಬಿಟ್ಟರು. ಗಣಪಿ ಅವರಿಗೂ ಸೊಂಟದ ಪಾಠ ಹೇಳಿದಳು. ಬಲೆ ಹೊಯಿಗೆಗೆ ಬಂದು, ಬಂಗಡೆಯ ರಾಶಿ ಬಿದ್ದು, ದುರ್ಗ ಪಾಲು ಹಾಕಿದಾಗ ಸಾಹೇಬರಿಗೆ ಇಡೀ ಪಾಲೇ ಸಿಕ್ಕಿತು.

ಶಾಲೆಯ ಜಗಲಿಯಲ್ಲಿ ಕುಳಿತು ಅವರು ವರದಿ ಬರೆದರು. ಹಾಜರಿ ಪೂರ್ತಿ, ಬೋಧನೆ ಉತ್ತಮ, ವರ್ಗ ಮುಂದುವರಿಯತಕ್ಕದ್ದು. ಹಿಂದೆ ನಿಂತು ಇಣುಕಿದ ಅಕ್ಕೋರು ಮಾಸ್ತರರಿಗೆ ತಲೆಯಾಡಿಸಿ ತೋರಿಸಿದರು. ಗೆದ್ದೆ ಎಂದು ಮಾಸ್ತರರು ಮಡಚಿದ ಪ್ಯಾಂಟು ಇಳಿಸಿದರು. ಸಾಹೇಬರು ಚೀಲದಿಂದ ಇನ್ನೊಂದು ಕಾಗದ ತೆಗೆದು, ಅದರಲ್ಲಿದ್ದ ಮೂರು ಹೆಸರುಗಳಲ್ಲಿ ಎರಡನ್ನು ಹೊಡೆದು, ಉಳಿದ ಒಂದಕ್ಕೆ ಸುತ್ತು ಹಾಕಿದರು.

"ಸೋಮವಾರದಿಂದ ಯಾಣದ ದಾರಿಯ ಶಾಲೆಗೆ ನೀವು. ಅಲ್ಲೂ ಪ್ರತಿಭಾ ವರ್ಗ ಶುರು ಮಾಡ್ತಿದ್ದೇವೆ."

ಮಾಸ್ತರರು ಕಾಗದವನ್ನೂ ಸಾಹೇಬರ ಮುಖವನ್ನೂ ನೋಡಿದರು. "ಸರ್, ವರ್ಗ ಉಳೀತಲ್ಲ. ನಾನು ಹೆಚ್ಚುವರಿ ಅಲ್ಲವಲ್ಲ."

"ಆ ಇಪ್ಪತ್ತೈದರ ನಿಯಮ ಹೋದ ತಿಂಗಳೇ ರದ್ದಾಯ್ತು. ಹೆಚ್ಚುವರಿ ಅಂತ ಕಳಿಸಿದವರು ಅಲ್ಲಿ ಯಾರೂ ನಿಲ್ಲಲಿಲ್ಲ. ಅದಕ್ಕೇ ಈ ಸಲ ಒಳ್ಳೇ ಮಾಸ್ತರ್ರನ್ನೇ ಹುಡುಕ್ತಾ ಹೊರಟದ್ದು." ಸಾಹೇಬರು ಪೆನ್ನು ಮುಚ್ಚಿದರು. "ನಿಜ ಹೇಳ್ತೇನೆ, ಇವತ್ತು ದಂಡೆ ಮೇಲೆ ಆ ಹುಡುಗಿ ಲೆಕ್ಕ ತಪ್ಪಿದ್ರೆ ನಿಮ್ಮ ಹೆಸರು ಹೊಡೆದು ಹಾಕಿ ಭಟ್ಕಳದ ಮಾಸ್ತರ್ರನ್ನ ನೋಡೋಕೆ ಹೋಗ್ತಿದ್ದೆ. ಕಲ್ಲಿಗೂ ಕಲಿಸ್ತೇನೆ ಅಂದ್ರಲ್ಲ, ಯಾಣದ ಕಡೆ ಕಲ್ಲಿಗೇನೂ ಕೊರತೆ ಇಲ್ಲ."

ಇಲ್ಲಿನ ವರ್ಗ ಯಾರು ನೋಡಿಕೊಳ್ಳುವುದೆಂದು ಮಾಸ್ತರರು ಕೊನೆಯ ಹಗ್ಗ ಹಿಡಿದರು. ಮೂಲ ತೆಗೆಯಲು ಅಕ್ಕೋರಿದ್ದಾರೆ, ಉಳಿದದ್ದಕ್ಕೆ ಆ ಅಜ್ಜಿಯಿದ್ದಾಳೆ ಎಂದು ಹೇಳಿ ಸಾಹೇಬರು ಮೀನಿನ ಚೀಲ ಎತ್ತಿಕೊಂಡು ಜೀಪು ಹತ್ತಿದರು.

ಮಾಸ್ತರರು ಜಗಲಿಯ ಮೆಟ್ಟಿಲ ಮೇಲೆ ಕುಳಿತರು. ದುಃಖವಾಯಿತು, ಮುಚ್ಚಿಡುವುದೇನು. ಒಳಗೆ ಮಕ್ಕಳು ಒದ್ದೆ ಬಟ್ಟೆಯಲ್ಲೇ ಬಂದು ಕುಳಿತು, ಹಲಗೆಯ ಮೇಲಿದ್ದ ಬೆಳಗಿನ ಸಮೀಕರಣ ಬಿಡಿಸಲು ಜಗಳವಾಡುತ್ತಿದ್ದರು. ಜಗಲಿಯ ಮಾತೆಲ್ಲ ಕೇಳಿಸಿಕೊಂಡಿದ್ದ ಗಣಪಿ ಬುಟ್ಟಿ ತಂದು ಮಾಸ್ತರರ ಪಕ್ಕದಲ್ಲಿ ಇಳಿಸಿದಳು.

"ನಿಮ್ಮ ಪಾಲು ಬಿಟ್ಟು ಬಂದಿದ್ರಿ. ಯಾಣದಲ್ಲಿ ಹಸಿ ಮೀನು ಎಲ್ಲಿ ಸಿಕ್ತದೆ? ಒಂದೆರ್ಡು ಇವತ್ತಿಗೆ ಇಟ್ಕಣಿ, ಉಳಿದದ್ದು ಉಪ್ಪು ಹಾಕಿ ಒಣಗ್ಸಿ ಕೊಡ್ತೆ."

"ಆತು," ಎಂದರು ಮಾಸ್ತರರು. ಬೇರೇನೂ ಮಾಡಲು ತೋಚದೆ ಬುಟ್ಟಿಯೊಳಗೆ ಕೈ ಹಾಕಿ ಒಂದೊಂದಾಗಿ ಎಣಿಸಿದರು. ಎಣಿಕೆ ತಪ್ಪಿರಬೇಕೆಂದು ಇನ್ನೊಮ್ಮೆ ಎಣಿಸಿದರು. ಇಪ್ಪತ್ತೈದು ಬಂಗಡೆ, ಒಂದೂ ಗೈರುಹಾಜರಿಲ್ಲ.