ಉಡಿಗೆ ಬಿದ್ದ ಬಿಯರು

ಗದಿಗೆಪ್ಪನಿಗೆ ಸಹಿಸಲಾಗದವರು ಇಬ್ಬರೇ: ತಾಸುಗಟ್ಟಲೆ ಚೌಕಾಸಿ ಮಾಡಿ ಬರಿಗೈಲಿ ಹೋಗುವ ಗಿರಾಕಿ ಮತ್ತು ಹೆಂಡತಿಯ ತಮ್ಮ ಸುನೀಲ. ಗಿರಾಕಿ ಬಾಗಿಲು ದಾಟಿದರೆ ಪೀಡೆ ಕಳೆಯಿತು. ಸುನೀಲ ಹಾಗಲ್ಲ, ಹುಬ್ಬಳ್ಳಿಯಲ್ಲಿ ಕೂತು ರವಿವಾರಕ್ಕೊಮ್ಮೆ ಫೋನಿನೊಳಗಿಂದ ಹೊರಬರುತ್ತಿದ್ದ.

ಅಮೆರಿಕದ ಯೂಲೆಸ್ ಎಂಬ ಊರಿನಲ್ಲಿ, ವಿಮಾನಗಳು ನೆತ್ತಿ ಸವರಿಕೊಂಡು ಇಳಿಯುವ ರಸ್ತೆಯಲ್ಲಿ, ಅಡುಗೆಕಟ್ಟೆಯ ಗ್ರಾನೈಟು ಮಾರುವುದು ಗದಿಗೆಪ್ಪನ ಕಸುಬು. ಇಳಕಲ್ಲಿನ ಕೆಂಪು ಕಲ್ಲನ್ನು ಟೆಕ್ಸಾಸಿನ ಹೆಂಗಸರಿಗೆ 'ಅರಮನೆ ಬಣ್ಣ' ಎಂದು ಒಪ್ಪಿಸಿದ ನಾಲಿಗೆ ಅದು. ಆಸ್ಟಿನ್‌ನಲ್ಲಿ ಒಬ್ಬ ಗಿರಾಕಿಯ ಮನೆಗೆ ಕಟ್ಟೆ ಕೂರಿಸಲು ಹೋದಾಗ ಆ ಪುಣ್ಯಾತ್ಮ ತಾನೇ ಮನೆಯಲ್ಲಿ ಮಾಡಿದ ಬಿಯರು ಕುಡಿಸಿದ. ಗದಿಗೆಪ್ಪ ವಾಪಸು ಬರುವಾಗ ಟ್ರಕ್ಕಿನಲ್ಲಿ ಎರಡು ಬಕೆಟು, ಒಂದು ರಬ್ಬರಿನ ಕೊಳವೆ, ಬಾರ್ಲಿಯ ಚೀಲ ಇದ್ದವು. ಬೇಸಿಗೆ ಮುಗಿಯುವುದರೊಳಗೆ ಗ್ಯಾರೇಜು ಭಟ್ಟಿಯಾಯಿತು; ಕಾರು ಬಿಸಿಲಿಗೆ ಬಿತ್ತು.

"ಕಾರ್ ನಿಲ್ಲಿಸೂ ಜಾಗಾದಾಗ ಬಿಯರ್ ಹೆಂಗ ಆಕ್ಕೈತಿ ಮಾಮಾ? ಅದು ಫಿನಾಯ್ಲ್ ಇರಬೇಕ ನೋಡ್ರಿ," ಎಂದ ಸುನೀಲ.

"ಕುಡದ ಮ್ಯಾಲ ಮಾತಾಡಲೇ!"

"ಅವ್ವನ ಕೂಡ ಕಳಸ್ರಿ ಮತ್ತ. ಛಲೋ ಇದ್ರ ನಮ್ಮ ಹೊಸಾ ಮನಿ ಶಾಂತಿ ದಿನ ಎಲ್ಲಾ ಬೀಗರ ಮುಂದ ಎದ್ದ ನಿಂತು, 'ನಮ್ಮ ಮಾಮಾ ಭಾಳ ಶಾಣ್ಯಾ' ಅಂತೀನಿ."

ಮಾತು ನಾಟಿತು. ಮದುವೆಯಾದಂದಿನಿಂದ ಮಾವನ ಮನೆಯಲ್ಲಿ ಗದಿಗೆಪ್ಪನನ್ನು ಯಾರೂ ಶಾಣ್ಯಾ ಅಂದಿರಲಿಲ್ಲ. (ಮಾವನವರು ಒಮ್ಮೆ ಅಂದಿದ್ದರು, ಆದರೆ ಅದು ಅವನು ತಂದುಕೊಟ್ಟ, ಗುಂಡಿ ಒತ್ತಿದರೆ ತಾನೇ ಹಿಂದಕ್ಕೆ ಬಾಗುವ ಕುರ್ಚಿಗೆ.)

ಆದರೆ ಸಾಗಿಸುವುದು ಹೇಗೆ? ಸುನೀಲನ ಅವ್ವ, ಅಂದರೆ ಗದಿಗೆಪ್ಪನ ಅತ್ತೆ ಸುಮಿತ್ರವ್ವ, ಆರು ತಿಂಗಳು ಮಗಳ ಮನೆಯಲ್ಲಿದ್ದು ಹೊರಟು ನಿಂತಿದ್ದರು. ಬಿಯರು ಎಂಬ ಶಬ್ದವನ್ನೇ ಬಾಯಿಂದ ಆಡದ ಹೆಂಗಸು. 'ಆ ನೊರಿ ನೀರು' ಎನ್ನುತ್ತಿದ್ದರು. ಬಂದಂದಿನಿಂದ ಅವರದು ಒಂದೇ ದೂರು, ಟೆಕ್ಸಾಸಿನ ಗಡಸು ನೀರಿಗೆ ತಲೆಗೂದಲು ನಾರಿನ ಹಗ್ಗವಾಗಿದೆ ಎಂದು. ಸಾಲದ್ದಕ್ಕೆ ಹಿಂದಿನ ವಾರ ಗ್ಯಾರೇಜಿನಲ್ಲಿ ಹಪ್ಪಳದ ಡಬ್ಬಿ ಹುಡುಕುವಾಗ ಒಂದು ಬಾಟಲಿ ತಾನಾಗಿ ಸಿಡಿದು ಅವರ ತಲೆಗೆ ಅಭಿಷೇಕವಾಗಿತ್ತು. ಆ ದಿನ ಎದ್ದ ಗುಡುಗಿಗೆ ಪಕ್ಕದ ಮನೆಯ ನಾಯಿ ಸೋಫಾದ ಕೆಳಗೆ ಹೋಯಿತಂತೆ. ಮರುದಿನ ಮಾತ್ರ ಸುಮಿತ್ರವ್ವ ಕಿಟಕಿಯ ಬಳಿ ಕೂತು, ಎಳೆ ಎಳೆ ಬಿಡಿಸಿ, ಬಹಳ ಹೊತ್ತು ತಲೆ ಬಾಚಿಕೊಂಡರು. ಸಿಟ್ಟು ಒಳಗಿಳಿದಿದೆ ಎಂದುಕೊಂಡ ಗದಿಗೆಪ್ಪ.

ಕಾನೂನಿನ ಸಲಹೆಗೆ ಅವನು ಫೋನು ಮಾಡಿದ್ದು ಹ್ಯೂಸ್ಟನ್ನಿನ ಪ್ರಭಂಜನನಿಗೆ. ಮೈಸೂರಿನವನು, ಅಲ್ಲಿನ ಎಣ್ಣೆ ಕಂಪನಿಯೊಂದರಲ್ಲಿ ಕರಾರು ಪತ್ರ ಓದುವುದೇ ಅವನ ಕೆಲಸ.

"ನೋಡಿ ಗದಿಗೆಪ್ಪನೋರೆ, ನಾನು ಲಾಯರ್ ಅಲ್ಲ," ಎಂದು ಮಂಗಳಾಚರಣೆ ಮಾಡಿ ಪ್ರಭಂಜನ ಶುರುಮಾಡಿದ. "ಮನೆ ಖರ್ಚಿಗೆ ಬಿಯರ್ ಮಾಡ್ಕೋಬಹುದು, ಮಾರೋ ಹಾಗಿಲ್ಲ. ಕೈಚೀಲದಲ್ಲಿ ಬಿಡಲ್ಲ, ದೊಡ್ಡ ಸೂಟ್‌ಕೇಸಲ್ಲಿ ಹಾಕಿ. ಏನು ಅಂತ ಬಾಟ್ಲಿ ಮೇಲೆ ಬರೀರಿ. ಆ ಕಡೆ ಕಸ್ಟಮ್ಸ್‌ನೋರು ಒಬ್ಬೊಬ್ಬರಿಗೆ ಇಷ್ಟು ಅಂತ ಬಿಡ್ತಾರೆ, ಐದು ಬಾಟ್ಲಿ ಸಲೀಸು. ಆದ್ರೆ ಯಾರ ಪಾಲಲ್ಲಿ ಹೋಗತ್ತೋ ಅದು ಅವರದ್ದೇ ಆಗಿರ್ಬೇಕು. 'ಯಾರೋ ಕೊಟ್ರು, ಒಳಗೇನಿದೆ ಗೊತ್ತಿಲ್ಲ' ಅಂದ್ರೋ, ಮುಗೀತು ಕಥೆ."

ಗದಿಗೆಪ್ಪನ ವ್ಯಾಪಾರಿ ಬುದ್ಧಿ ಸಟ್ಟನೆ ಎದ್ದು ಕೂತಿತು. ಅತ್ತೆಯ ಪಾಲು! ದೇಶದೇಶಗಳು ಕೂಡಿ ದಯಪಾಲಿಸಿದ ಹಕ್ಕು ಸುಮ್ಮನೆ ಖಾಲಿ ಹೋಗುವುದೇ?

"ನಾಚಿಕಿ ಬರೂದಿಲ್ಲೇನ್ರಿ?" ಎಂದಳು ಹೆಂಡತಿ ನಿವೇದಿತಾ. "ಈ ವಯಸ್ಸಿನ್ಯಾಗ ನಮ್ಮವ್ವನ ಕೈಲೆ ಬಾಟ್ಲಿ ಹೊರಸ್ತೀರಿ?"

"ಹೊರೂದು ವಿಮಾನ. ನಿಮ್ಮವ್ವ ನಂದು ಅಂದ್ರ ಸಾಕು."

ದೊಡ್ಡ ಗಿರಾಕಿಯ ಮುಂದೆ ಕೂರುವ ಹಾಗೆ ಗದಿಗೆಪ್ಪ ಅತ್ತೆಯ ಮುಂದೆ ಕೂತ. ಬಾರ್ಲಿಯ ಗುಣಗಾನ ಮಾಡಿದ, ಹಾಪ್ಸ್ ಎಂಬ ಹೂವಿನ ಮಹಿಮೆ ಹಾಡಿದ, ಸುನೀಲನ ಫಿನಾಯ್ಲು ಮಾತನ್ನು ಕಣ್ಣೀರು ಬರುವ ಹಾಗೆ ಬಣ್ಣಿಸಿದ. ಸುಮಿತ್ರವ್ವ ಎಲ್ಲ ಕೇಳಿ ಜಡೆಯ ತುದಿ ಸವರಿಕೊಂಡರು.

"ಆತ ಬಿಡ್ರಿ, ಒಯ್ತೀನಿ. ಆದ್ರ ನಾ ಸುಳ್ಳ ಹೇಳಾಕಿ ಅಲ್ಲ. ನಂದು ಅನ್ನಬೇಕಂದ್ರ ಅದು ನಂದ ಆಗಬೇಕು. ಹೊರಡೂ ಮುಂದ ಉಡಿ ತುಂಬತೀರಲ್ಲ, ಅದರಾಗ ಹಾಕ್ರಿ. ಉಡ್ಯಾಗ ಬಿದ್ದದ್ದು ನಂದು. ಹಿಂದ ಕೇಳಂಗಿಲ್ಲ."

ಇಷ್ಟು ಸಲೀಸಾಗಿ ಕುದುರಿದ ವ್ಯಾಪಾರವನ್ನು ಗದಿಗೆಪ್ಪ ತನ್ನ ಅಂಗಡಿಯಲ್ಲೂ ಕಂಡಿರಲಿಲ್ಲ. ನಾಲಿಗೆಯ ಪ್ರಭಾವ ಎಂದುಕೊಂಡ. ಸುದ್ದಿ ಕೇಳಿದ ಪ್ರಭಂಜನ, "ಅದ್ಭುತ! ಇದಕ್ಕಿಂತ ಗಟ್ಟಿ ದಾನಪತ್ರ ನಮ್ಮ ಕಂಪನೀಲೂ ಬರಿಯಲ್ಲ. ನಾನು ಲಾಯರ್ ಅಲ್ಲ, ಆದ್ರೂ," ಎಂದ.

ಗದಿಗೆಪ್ಪ ಐದು ಬಾಟಲಿಗೂ ಚೀಟಿ ಅಂಟಿಸಿದ: 'ಮನೆಯಲ್ಲಿ ಮಾಡಿದ ಬಿಯರು. ಮಾರಾಟಕ್ಕಲ್ಲ.' ಕೊನೆಯ ಶಬ್ದ ಬರೆಯುವಾಗ, ಹುಟ್ಟಾ ವ್ಯಾಪಾರಿ ಎರಡು ಸಲ ಕಾಗುಣಿತ ತಪ್ಪಿದ್ದು ಸಹಜ. ಹೊರಡುವ ಬೆಳಿಗ್ಗೆ ನಿವೇದಿತಾ ಅವ್ವನನ್ನು ಮಣೆಯ ಮೇಲೆ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಕುಬಸದ ಕಣ ಹಾಕಿದಳು. ಮೇಲೆ ಒಂದೊಂದಾಗಿ ಐದು ಬಾಟಲಿ ಇಳಿದವು. ಸುಮಿತ್ರವ್ವ ಪ್ರತಿಯೊಂದನ್ನೂ ಕಣ್ಣಿಗೊತ್ತಿಕೊಂಡರು. ಆಮೇಲೆ ತಮ್ಮ ಕೈಯಿಂದಲೇ ಇಳಕಲ್ ಸೀರೆಗಳಲ್ಲಿ ಸುತ್ತಿ, ಕೂಸಿನ ಹಾಗೆ ಸೂಟ್‌ಕೇಸಿನಲ್ಲಿ ಮಲಗಿಸಿದರು. ಡಿಎಫ್‌ಡಬ್ಲ್ಯೂ ವಿಮಾನ ನಿಲ್ದಾಣದ ಹುಡುಗಿ ಒಳಗೇನಿದೆ ಎಂದು ಕೇಳುವ ಮೊದಲೇ, ಕಲಿತ ಇಂಗ್ಲಿಷನ್ನೆಲ್ಲ ಒಗ್ಗೂಡಿಸಿ "ಮೈನ್! ಆಲ್ ಮೈನ್!" ಎಂದು ಘೋಷಿಸಿದರು. ಗದಿಗೆಪ್ಪನ ಎದೆ ಉಬ್ಬಿತು.

ಮನೆ ಶಾಂತಿ ಮುಗಿದ ದಿನ ಗದಿಗೆಪ್ಪ ತಾನೇ ಫೋನು ಮಾಡಿದ.

"ಕಸ್ಟಮ್ಸ್‌ನ್ಯಾಗ ಏನೂ ತ್ರಾಸ ಆಗ್ಲಿಲ್ಲ ಮಾಮಾ," ಎಂದ ಸುನೀಲ. "ಯಾರದು ಅಂತ ಕೇಳಿದ್ರಂತ. ನಂದು, ಮಗಳು ಉಡಿ ತುಂಬ್ಯಾಳ ಅಂದ್ಲಂತ ಅವ್ವ. ಚೀಟಿ ಓದಿ, ಕೈ ಮುಗದು ಬಿಟ್ಟಾರ."

"ಅದಿರ್ಲಿ, ಬೀಗರ ಮುಂದ ಏನಂದಿ?"

"ಕುಡೀಲಿಕ್ಕೆ ಎಲ್ಲಿ ಕೊಟ್ಲು ಮಾಮಾ? ಮುಟ್ಟಾಕ ಹ್ವಾದ್ರ, 'ಉಡೀದು, ನಂದು' ಅಂತಾಳ. ದಿನಾ ಬಚ್ಚಲಕ್ಕ ಒಂದು ಬಾಟ್ಲಿ ಒಯ್ದು ತಲಿಗೆ ಹಾಕ್ಕೊಂಡ್ಲು. ಕೂದಲಾ ರೇಷ್ಮಿ ಆಗ್ಯಾವ! ಬೀಗರ ಹೆಂಗಸ್ರೆಲ್ಲಾ ಅವ್ವನ ಜಡಿ ಸುತ್ತ ನಿಂತಾರ. ಫಿನಾಯ್ಲ್ ಅಂದದ್ದು ನಂದ ತಪ್ಪು ಮಾಮಾ. ಅದು ಶಾಂಪೂ."

ಸುಮಿತ್ರವ್ವ ಫೋನು ಕಸಿದುಕೊಂಡರು. "ಅಳಿಯಂದ್ರ, ನಮ್ಮ ಓಣಿ ಲಲಿತಮ್ಮ ಕೇಳಾಕತ್ಯಾಳ, ಲೀಲಾವತಿ ಕೇಳಾಕತ್ಯಾಳ. ಹೇಳಿದಷ್ಟ ಕೊಡ್ತಾರಂತ. ಯಾವಾಗ ಕಳಸ್ತೀರಿ?"

ಚೌಕಾಸಿಯಿಲ್ಲದೆ ಸಾಲು ನಿಂತ ಗಿರಾಕಿಗಳು! ಗದಿಗೆಪ್ಪ ಹ್ಯೂಸ್ಟನ್ನಿಗೆ ಫೋನು ತಿರುಗಿಸಿದ. "ತಲಿಗೆ ಹಚ್ಚಾಕಂತ ಮಾರಿದ್ರ ನಡೀತೈತೇನ್ರಿ?"

"ನಾನು ಲಾಯರ್ ಅಲ್ಲ," ಎಂದ ಪ್ರಭಂಜನ. "ಆದ್ರೆ ಬೇಡಿ."

ಉಳಿದದ್ದರಲ್ಲಿ ಒಂದು ಬಾಟಲಿಯನ್ನಾದರೂ ತಾನೇ ಕುಡಿಯೋಣವೆಂದು ಗದಿಗೆಪ್ಪ ಗ್ಯಾರೇಜಿಗೆ ಹೋದ. ಕಪಾಟಿನಲ್ಲಿ ಖಾಲಿ ಬಾಟಲಿಗಳು ತೊಳೆದು ಬೋರಲು ಹಾಕಿದ್ದವು. ಹಿಂದಿನಿಂದ ನಿವೇದಿತಾ ತಲೆಗೆ ಟವೆಲ್ ಸುತ್ತಿಕೊಂಡು ಬಂದಳು. ಹತ್ತಿರ ಬಂದಂತೆ ಘಮ್ಮೆಂದು ಆಸ್ಟಿನ್ ಬಿಯರಿನ ವಾಸನೆ.

"ರೀ, ಮುಂದಿನ ಸಲ ಮಾಡೂವಾಗ ಸ್ವಲ್ಪ ನೊರಿ ಕಡಿಮಿ ಮಾಡ್ರಿ," ಎಂದಳು. "ಕಣ್ಣಾಗ ಹೋದ್ರ ಭಾಳ ಉರೀತೈತಿ."