ನಾಲ್ಕು ಹೆಜ್ಜೆಯ ಪ್ರತ್ಯಕ್ಷದರ್ಶಿ

ನಾನು ಸುಳ್ಳು ಹೇಳುವವನಲ್ಲ. ಆದರೆ ಕೇಳಿದ್ದನ್ನು ಕಂಡೆನೆಂದು ಹೇಳುವ ಒಂದು ಅಭ್ಯಾಸ ನನಗಿದೆ. ಅದನ್ನು ಸುಳ್ಳು ಎನ್ನುವುದು ತೀರ ಒರಟಾದ ಮಾತಾದೀತು. ಊರಿನಲ್ಲಿ ಯಾರ ಮದುವೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಯಿತು, ಯಾರ ಬಾವಿಗೆ ಕರು ಬಿತ್ತು ಎಂಬುದನ್ನು ಕಡಲಿನ ಈಚೆ ಕುಳಿತು ನಾನು ವರ್ಣಿಸತೊಡಗಿದರೆ, ಆ ಸಾರನ್ನು ಉಂಡವರೇ ಬಾಯಿಬಿಟ್ಟುಕೊಂಡು ಕೇಳುತ್ತಾರೆ. ದುಬೈಯಲ್ಲಿ ಮೂವತ್ತು ವರ್ಷ ಕಳೆದವನಿಗೆ ಈ ವಿದ್ಯೆ ತಾನಾಗಿ ಬರುತ್ತದೆ. ನಮ್ಮ ಸಂಸಾರಗಳೆಲ್ಲ ನಡೆದದ್ದು ಅಲ್ಲಿ, ನಾವು ಬದುಕಿದ್ದು ಇಲ್ಲಿ. ನಡುವೆ ಬರುತ್ತಿದ್ದದ್ದು ಸುದ್ದಿ ಮಾತ್ರ.

ಈ ವಿದ್ಯೆಗೆ ಮೊದಲ ಆಕ್ಷೇಪ ಬಂದದ್ದು ತುರ್ಕಿ ದೇಶದಿಂದ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ರತ್ನಗಂಬಳಿ ಗೋದಾಮಿನಲ್ಲಿ ನಾನು ಸ್ಟೋರ್‌ಕೀಪರ್. ಸರಕಿನ ಗುಣ ಪರೀಕ್ಷಿಸುವವರು ನೆರ್ಮಿನ್ ಹಾನಿಮ್. ಹಾನಿಮ್ ಎಂದರೆ ಅವರಲ್ಲಿ ಹೆಂಗಸರಿಗೆ ಕೊಡುವ ಮರ್ಯಾದೆ. ಒಂದು ದಿನ ನಮ್ಮ ಡ್ರೈವರ್ ಇದಿನಬ್ಬ ಬಂದು, "ಕಂಟೇನರ್ ಬಂತು ಶೆಟ್ರೆ, ಖಲಾಸ್, ಮುಗೀತು!" ಎಂದ. ನಾನು ಒಳಗೆ ಹೋಗಿ, "ಕಂಟೇನರ್ ಬಂತು ಮೇಡಂ" ಎಂದು ಗಂಭೀರವಾಗಿ ಘೋಷಿಸಿದೆ. ಅವರು ಕೈಗವಸು ತೊಟ್ಟು ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಒಂದು ಬೆಕ್ಕು ಮಲಗಿತ್ತು. ಇದಿನಬ್ಬನಿಗೆ ಹೇಳಿದವನು ಹಡಗು ಕಂಪನಿಯ ಏಜೆಂಟ್. ಏಜೆಂಟನಿಗೆ ಹೇಳಿದ್ದು ಅವನ ಫೋನು. ಕಂಟೇನರು ಇನ್ನೂ ಸಮುದ್ರದಲ್ಲಿತ್ತು.

"ನೀವು ನೋಡಿದಿರಾ ಮಿಸ್ಟರ್ ಶೆಟ್ಟಿ?"

"ಇಲ್ಲ ಮೇಡಂ. ಇದಿನಬ್ಬ ಹೇಳಿದ."

"ನಮ್ಮ ಭಾಷೆಯಲ್ಲಾಗಿದ್ದರೆ ನೀವು ಬಾಯಿ ತೆರೆದಾಗಲೇ ಸಿಕ್ಕಿಬೀಳುತ್ತಿದ್ದಿರಿ," ಎಂದು ಅವರು ನಕ್ಕರು. ಆಮೇಲೆ ಚಹಾ ತರಿಸಿ ಪಾಠ ಮಾಡಿದರು. ಕಣ್ಣಾರೆ ಕಂಡರೆ 'ಗೆಲ್ದಿ', ಬಂತು. ಯಾರೋ ಹೇಳಿದ್ದಾದರೆ 'ಗೆಲ್ಮಿಶ್', ಬಂತಂತೆ. ಅಂಗಳದಲ್ಲಿ ಚಕ್ರದ ಗುರುತು ನೋಡಿ ಊಹಿಸಿದರೂ ಅದೇ 'ಗೆಲ್ಮಿಶ್', ಬಂದಿರಬೇಕು. ಇನ್ನು ಒಬ್ಬ ಮಹಾಶಯ ತಾನು ಮ್ಯಾನೇಜರ್ ಎಂದು ಎದೆಯುಬ್ಬಿಸಿದರೆ, 'ಹೌದಂತೆ, ಮ್ಯಾನೇಜರಂತೆ' ಎಂದು ಹುಬ್ಬೇರಿಸುವುದಕ್ಕೂ ಅದೇ ಬಾಲ. ನಾನು ಬಿಡಲಿಲ್ಲ. ನಮ್ಮಲ್ಲೂ 'ಅಂತೆ' ಇದೆ ಮೇಡಂ, ಬಹಳ ಹಳೆಯ ಮನೆತನದ ಶಬ್ದ ಎಂದೆ. "ಮತ್ತೆ ಅದನ್ನು ಯಾಕೆ ಹಾಕಲಿಲ್ಲ?" ಎಂದರು. ನಮ್ಮ 'ಅಂತೆ' ಹೆಗಲ ಮೇಲಿನ ಶಾಲು, ಸೆಕೆಯಾದರೆ ತೆಗೆದಿಡಬಹುದು. ಅವರದ್ದು ಚರ್ಮಕ್ಕೇ ಅಂಟಿಕೊಂಡಿದೆ.

ಚಹಾದ ಜೊತೆ ಮಾತು ಮಕ್ಕಳ ಕಡೆಗೆ ಹೊರಳಿತು. ನನ್ನ ಮಗಳು ಸುಚೇತಾ ಮೊದಲ ಸಲ ನಡೆದ ಪ್ರಸಂಗವನ್ನು ನಾನು ವಿವರಿಸಿದೆ: ಅಕ್ಕಿ ಡಬ್ಬ ಹಿಡಿದು ನಿಂತದ್ದು, ಕೈ ಬಿಟ್ಟದ್ದು, ನಾಲ್ಕು ಹೆಜ್ಜೆ ಇಟ್ಟು ಕೂತು ತಾನೇ ಚಪ್ಪಾಳೆ ತಟ್ಟಿದ್ದು. ನೆರ್ಮಿನ್ ಹಾನಿಮ್ ಲೋಟ ಕೆಳಗಿಟ್ಟು, "ನೀವು ನೋಡಿದಿರಾ?" ಎಂದರು. ಇಷ್ಟು ವರ್ಷದಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳಬೇಕೆಂದರೆ ಮಗು ನಡೆದದ್ದು ನಮ್ಮೂರು ಕಾಪುವಿನಲ್ಲಿ. ನಾನು ದುಬೈಯ ಅಲ್ ಕೂಜ್‌ನ ಕೋಣೆಯಲ್ಲಿ, ಎರಡಂತಸ್ತಿನ ಮಂಚಕ್ಕೆ ಒರಗಿ ನಿಂತು ಹೆಂಡತಿಯ ಕಾಗದ ಓದಿದ್ದೆ. ಎಷ್ಟು ಸಲ ಓದಿದೆನೆಂದರೆ, ಕೊನೆಗೆ ನೋಡಿದ ಹಾಗೆಯೇ ಆಯಿತು.

ಅವರು ಹುಬ್ಬೇರಿಸಲಿಲ್ಲ. "ನನ್ನ ಅಪ್ಪ ಜರ್ಮನಿಯ ಕಾರ್ಖಾನೆಯಲ್ಲಿದ್ದರು," ಎಂದರು ಮೆಲ್ಲಗೆ. "ನಾನು ನಡೆದದ್ದನ್ನು ಸಾಯುವವರೆಗೂ 'ಯುರುಮುಶ್' ಎಂದೇ ಹೇಳಿದರು. ನಡೆದಳಂತೆ. ನನ್ನೆದುರೇ ಹೇಳುತ್ತಿದ್ದರು." ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಗಂಬಳಿಗಳನ್ನು ಬಹಳ ಶ್ರದ್ಧೆಯಿಂದ ನೋಡಿದೆವು.

ಈಗ ಅದೇ ಸುಚೇತಾಳಿಗೆ ಹನ್ನೊಂದು ತಿಂಗಳ ಮಗಳಿದ್ದಾಳೆ, ಪುಟ್ಟಿ. ಎಲ್ಲರೂ ಒಂದೇ ಫ್ಲಾಟಿನಲ್ಲಿದ್ದೇವೆ. ಸುಚೇತಾಳ ಕೆಲಸ ಅಬುಧಾಬಿಯಲ್ಲಿ. ಬೆಳಿಗ್ಗೆ ಮಗು ಏಳುವ ಮುಂಚೆ ಬಸ್ಸು, ಸಂಜೆ ಮಗು ತೂಕಡಿಸುವಾಗ ಬಾಗಿಲು. ತಾನಿಲ್ಲದಾಗ ಪುಟ್ಟಿ ನಡೆದುಬಿಟ್ಟರೆ ಎಂಬ ಹೆದರಿಕೆ ಅವಳಿಗೆ ಹಿಡಿದುಬಿಟ್ಟಿತ್ತು. "ಪಪ್ಪ, ನಾನಿಲ್ಲದಾಗ ಅವಳನ್ನು ನಡೆಸಬೇಡಿ, ಪ್ಲೀಸ್. ಫಸ್ಟ್ ಸ್ಟೆಪ್ ನಾನೇ ನೋಡ್ಬೇಕು," ಎಂದು ಆಜ್ಞೆ ಹೊರಡಿಸಿದ್ದಳು. ಮಗುವಿನ ಹೆಜ್ಜೆಗೆ ವೀಸಾ ಬರುವವರೆಗೆ ಅದನ್ನು ತಡೆಹಿಡಿಯುವ ಅಧಿಕಾರಿ ನಾನು! ಮಾತು ನಗೆಯದ್ದೇ. ಆದರೆ ಬಸ್ಸಿಗೆ ಹೊರಟವಳು ಬಾಗಿಲಿನಿಂದ ಎರಡು ಸಲ ಹಿಂದೆ ಬಂದು ಅದನ್ನೇ ಹೇಳಿದಳು.

ಕಳೆದ ಶನಿವಾರ ಅವಳ ಆಫೀಸಿನಲ್ಲಿ ಏನೋ ತುರ್ತು. ಅಳಿಯ ಸೈಟಿಗೆ ಹೋಗಿದ್ದ. ನನ್ನ ಹೆಂಡತಿ ಸುಮತಿ ಕೆಳಗಿನ ಗ್ರಾಸರಿಗೆ ಇಳಿದಿದ್ದಳು. ಪುಟ್ಟಿ ಸೋಫಾ ಹಿಡಿದು ನಿಂತವಳು ನನ್ನ ಕನ್ನಡಕವನ್ನೇ ನೋಡಿದಳು. ಕೈ ಬಿಟ್ಟಳು. ಒಂದು, ಎರಡು, ಮೂರು, ನಾಲ್ಕು. ನೇರ ಬಂದು ನನ್ನ ಮೊಣಕಾಲು ತಬ್ಬಿಕೊಂಡಳು. ಫೋನು ಹುಡುಕಿದೆ, ಸಿಕ್ಕಿತು, ಕೆಳಗಿಟ್ಟೆ. ಜನ್ಮದಲ್ಲಿ ಮೊದಲ ಬಾರಿ ಒಂದು ಸಂಗತಿಯನ್ನು ಪೂರ್ತಿಯಾಗಿ, ಕನ್ನಡಕ ಹಾಕಿಕೊಂಡು ಕಣ್ಣಾರೆ ಕಂಡಿದ್ದೇನೆ, ಹೇಳುವ ಹಾಗಿಲ್ಲ!

ಮೂರು ಗಂಟೆಗೆ ಬಸ್ಸಿನಿಂದ ಫೋನು. "ಪಪ್ಪ, ಇವತ್ತು ಏನಾದರೂ?"

"ಏನಿಲ್ಲ ಮಗಾ. ನಿಂತಳು, ಕೂತಳು. ನಡೆಯುವ ಅಂದಾಜೇ ಇಲ್ಲ ಅವಳಿಗೆ."

ಐದು ಗಂಟೆಗೆ ಬಾಗಿಲು ತೆರೆಯಿತು. ಸುಚೇತಾ ಹೆಗಲಿನ ಚೀಲ ಇಳಿಸಿರಲಿಲ್ಲ. ಪುಟ್ಟಿ ಸೋಫಾ ಬಿಟ್ಟು ಅವಳ ಕಡೆ ಹೊರಟೇಬಿಟ್ಟಳು. ಸುಚೇತಾ ನೆಲಕ್ಕೆ ಕೂತು ಕೈಚಾಚಿ, ನಗುತ್ತಲೋ ಅಳುತ್ತಲೋ, "ಪಪ್ಪ ನೋಡಿ! ಅಮ್ಮಾ, ಬಾ! ಫಸ್ಟ್!" ಎಂದು ಕೂಗಿದಳು. ನಾನು ಎದ್ದು ನಿಂತು, "ಅರೆ! ಇದೇನಿದು!" ಎಂದೆ. ಚೆನ್ನಾಗಿಯೇ ಹೇಳಿದೆ ಎಂದು ನನ್ನ ಅಭಿಪ್ರಾಯ.

ಆದರೆ ರಹಸ್ಯ ಹೊಟ್ಟೆಯಲ್ಲಿ ನಿಲ್ಲಬೇಕಲ್ಲ. ಸುಚೇತಾ ಗಂಡನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಾಗ ನಾನು ಅಡಿಗೆಮನೆಗೆ ನುಸುಳಿದೆ. ಸುಮತಿ ಅಲಸಂಡೆ ಮುರಿಯುತ್ತಿದ್ದಳು. "ಯಾರಿಗೂ ಹೇಳಬೇಡ. ಬೆಳಿಗ್ಗೆಯೇ ನಡೆದಳು. ನಾಲ್ಕು ಹೆಜ್ಜೆ. ಪ್ರಪಂಚದಲ್ಲಿ ಮೊದಲು ನೋಡಿದವನು ನಾನು."

"ಹೌದಾ? ಒಳ್ಳೇದಾಯ್ತು ಮಾರಾಯ್ರೆ. ಆವಾಗ ಸುಚೇತಾ ನಡೆದದ್ದನ್ನು ಕಾಗದದಲ್ಲಿ ಓದಿದ್ದಲ್ವಾ," ಎಂದಳು. ಮತ್ತೆ ಅಲಸಂಡೆಗೆ ತಿರುಗಿದಳು.

ಮಗು ಸೀನಿದರೂ ಎಷ್ಟು ಸಲ ಎಂದು ಕೇಳುವ ಹೆಂಗಸು. ಎಲ್ಲಿಂದ ಎಲ್ಲಿಗೆ ನಡೆದಳು, ಬಿದ್ದಳಾ, ಒಂದನ್ನೂ ಕೇಳಲಿಲ್ಲ. ಹೊರಗೆ ಬಂದು ನೋಡುತ್ತೇನೆ, ಸೋಫಾದ ಮುಂದೆ ಇರುತ್ತಿದ್ದ ಟೀಪಾಯಿ ಗೋಡೆಗೆ ಸರಿದಿದೆ. ಅದರ ಮೂಲೆಗಳಿಗೆ ಹಳೆಯ ಟವೆಲ್ ಸುತ್ತಿ ಕಟ್ಟಿದೆ. ವಾಪಸು ಹೋಗಿ, "ಟೀಪಾಯಿ ಯಾವಾಗ ಸರಿಸಿದ್ದು?" ಎಂದೆ.

"ಗುರುವಾರ."

"ಯಾಕೆ?"

"ಗುಡಿಸ್ಲಿಕ್ಕೆ."

ಟವೆಲ್ ಕಟ್ಟಿ ಗುಡಿಸುವ ಕ್ರಮ ನಾನು ಎಲ್ಲೂ ಕಂಡವನಲ್ಲ. ಪುಟ್ಟಿ ಗುರುವಾರವೇ ನಡೆದಿದ್ದಾಳೆ; ಇವಳು ಮೂರು ದಿನ ತುಟಿ ಬಿಚ್ಚಿಲ್ಲ, ಮಗಳಿಗಾಗಿಯೂ, ನನಗಾಗಿಯೂ. ಬೆಳಿಗ್ಗೆ ನನ್ನನ್ನೂ ಪುಟ್ಟಿಯನ್ನೂ ಬಿಟ್ಟು ಹೋದವಳಿಗೆ ಗ್ರಾಸರಿಯಲ್ಲಿ ಒಂದು ಕಟ್ಟು ಕೊತ್ತಂಬರಿಗೆ ಮುಕ್ಕಾಲು ಗಂಟೆ ಹಿಡಿದದ್ದೂ ನನಗೆ ಆಗ ಅರ್ಥವಾಯಿತು. ಕೇಳಿ ಖಾತ್ರಿಪಡಿಸಿಕೊಳ್ಳಬಹುದಿತ್ತು. ನಾನು ಒಂದು ಸ್ಟೂಲು ಎಳೆದು ಕೂತು, ಅಲಸಂಡೆ ಕೈಗೆತ್ತಿಕೊಂಡು, ಆ ನಾಲ್ಕು ಹೆಜ್ಜೆಗಳನ್ನು ಮೊದಲಿನಿಂದ ಕೊನೆಯವರೆಗೆ ಅವಳಿಗೆ ಹೇಳಿದೆ. ಅವಳು ಕಣ್ಣರಳಿಸಿ ಕೇಳಿದಳು. ನಟನೆಯಲ್ಲಿ ನನ್ನನ್ನು ಮೀರಿಸಿದವರು ಈ ಮನೆಯಲ್ಲಿಲ್ಲ ಎಂದು ನಾನು ಅಂದುಕೊಂಡು ಇನ್ನೂ ಎರಡು ಗಂಟೆಯೂ ಆಗಿರಲಿಲ್ಲ.