ನನ್ನ ಕುದುರೆ ಮೊದಲು ಬಂದದ್ದು

ಗೆಲ್ಲುವ ಕುದುರೆಯನ್ನು ಆರಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ನಾನು ತಿಳಿದಿದ್ದೆ. ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ಕಲಿಸುತ್ತಿದ್ದ ಐರ್ಲೆಂಡಿನ ಸಿಸ್ಟರ್, ಗ್ರಾಮರ್ ಬೇಗ ಮುಗಿದ ದಿನ ತಮ್ಮ ಊರಿನ ಕುದುರೆಗಳ ಕಥೆ ಹೇಳುತ್ತಿದ್ದರು. ಅಲ್ಲಿನ ಕುದುರೆಗಳು ಸುಮ್ಮನೆ ಓಡುವುದಿಲ್ಲ. ನಮ್ಮ ಬಸ್ ಸ್ಟ್ಯಾಂಡಿನಿಂದ ಮುದ್ದೇನಹಳ್ಳಿಯವರೆಗಿನಷ್ಟು ದೂರ ಬೇಲಿ ಹಾರಿ, ಹಳ್ಳ ಹಾರಿ ಓಡುತ್ತವೆ. “ಗರ್ಲ್ಸ್, ಲುಕ್ ಅಟ್ ದಿ ಇಯರ್ಸ್,” ಎನ್ನುತ್ತಿದ್ದರು ಸಿಸ್ಟರ್. ಕಿವಿ ನಿಮಿರಿಸಿಕೊಂಡ ಕುದುರೆಗೆ ಹಾರುವ ಆಸೆ ಇದೆ ಎಂದು ಅರ್ಥ. ನಾನು ಕಿಟಕಿಯಾಚೆ ನೋಡಿದರೆ ಅಲ್ಲಿ ನಿಂತಿರುತ್ತಿದ್ದದ್ದು ಒಂದು ಜಟಕಾ ಕುದುರೆ. ಅದರ ಕಿವಿ ಸದಾ ಜೋತುಬಿದ್ದಿರುತ್ತಿತ್ತು. ಪಾಪ, ಅದಕ್ಕೆ ಏನು ಆಸೆ ಇತ್ತೋ, ಯಾರೂ ಕೇಳಲಿಲ್ಲ.

ಈ ವರ್ಷ ಟಿವಿಯಲ್ಲಿ ಇಂಗ್ಲೆಂಡಿನ ಅಂಥದೇ ಒಂದು ರೇಸು ತೋರಿಸುತ್ತಾರೆಂದು ಗೊತ್ತಾದಾಗ, ಇಡೀ ಚಿಕ್ಕಬಳ್ಳಾಪುರದಲ್ಲಿ ಈ ವಿಷಯದ ಏಕೈಕ ಎಕ್ಸ್‌ಪರ್ಟ್ ನಾನೇ ಎಂದು ಮನೆಯಲ್ಲಿ ಘೋಷಿಸಿದೆ. ಯಜಮಾನರಿಗೆ ಕೇಳಿಸಲಿಲ್ಲ.

ಕೇಳಿಸದಿರುವುದೇ ನಮ್ಮ ಮನೆಯ ಸಮಸ್ಯೆ. ಅವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಸರ್ವಿಸ್ ಮುಗಿಸಿದವರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದಿನಿಂದಲೇ ಅದು ಎಂಥ ಗೂಡೆಂದು ಹೇಳುತ್ತಿದ್ದ ಕಿವಿ ಅದು. ಅಂಥ ಕಿವಿಗೆ ಮೆಷೀನು ಹಾಕುವುದು ಇಲಾಖೆಗೇ ಅವಮಾನವಂತೆ. ಮಗಳು ತಂದುಕೊಟ್ಟ ಹಿಯರಿಂಗ್ ಏಡ್ ಬೀರುವಿನಲ್ಲಿ ಕರ್ಚೀಫುಗಳ ಕೆಳಗೆ ಮಲಗಿತ್ತು. ಸಂಜೆ ಕಾಫಿ ಹೊತ್ತಿನಲ್ಲಿ ನಾನು ಆಡಿದ ಮಾತೆಲ್ಲ ಗೋಡೆಗೆ ಹೋಗುತ್ತಿತ್ತು. ಅವರು ಅಂದಾಜಿನ ಮೇಲೆ “ಹ್ಞೂಂ” ಎನ್ನುತ್ತಿದ್ದರು.

ನನ್ನ ಕಡೆಯೂ ಒಂದು ಸಣ್ಣ ದೋಷವಿತ್ತು. ಎರಡು ಕಣ್ಣಿಗೂ ಪೊರೆ. ಡಾಕ್ಟರು ಆಪರೇಷನ್ ಎಂದಾಗಿನಿಂದ ಚಳಿ ಕಳೆಯಲಿ, ಉಪ್ಪಿನಕಾಯಿ ಹಾಕುವುದು ಮುಗಿಯಲಿ ಎಂದು ಗೌರವಯುತವಾಗಿ ಮುಂದೂಡುತ್ತ ಬಂದಿದ್ದೆ.

ನನ್ನ ಘೋಷಣೆಯನ್ನು ಕಿವಿಯ ಹತ್ತಿರ ಹೋಗಿ ಮತ್ತೊಮ್ಮೆ ಮಾಡಿದಾಗ ಅವರು ನಕ್ಕರು.

“ಅಷ್ಟು ಗೊತ್ತಿದ್ರೆ ನೀನೊಂದು ಆರಿಸು, ನಾನೊಂದು ಆರಿಸ್ತೀನಿ. ನಿಂದು ಮುಂದೆ ಬಂದ್ರೆ ಮೆಷೀನ್ ಹಾಕ್ಕೊತೀನಿ. ನಂದು ಮುಂದೆ ಬಂದ್ರೆ ನೀನು ಆಪರೇಷನ್‌ಗೆ ಹೊರಡ್ಬೇಕು. ಚಳಿ ಇಲ್ಲ, ಉಪ್ಪಿನಕಾಯಿ ಇಲ್ಲ.”

ಡೀಲ್ ಎಂದೆ. ಸಾಕ್ಷಿಗೆ ಎದುರುಮನೆಯ ನಾರಾಯಣಮ್ಮನನ್ನು ಕರೆದೆವು. ಅವಳು ಚಿಂತಾಮಣಿ ಕಡೆಯ ರೈತರ ಮನೆಯ ಮಗಳು. ಫೋನಿನಲ್ಲಿ ಕುದುರೆಗಳ ಫೋಟೋ ನೋಡಿದ ಕೂಡಲೇ ಕೇಳಿದಳು, “ಸುಳಿ ನೋಡಿದ್ರಾ ಅಕ್ಕಾ? ನಮ್ಮಪ್ಪ ಸುಳಿ ನೋಡ್ದೆ ಒಂದು ಕರೂನೂ ಮನೆಗೆ ತಂದೋನಲ್ಲ.”

“ರೇಸ್ ಕುದುರೆಗೆ ಮೈ ಮೇಲಿನ ಕೂದಲ ಸುಳಿ ನೋಡಲ್ಲ ಕಣೇ. ಪೆಡಿಗ್ರೀ ನೋಡ್ತಾರೆ. ಅಪ್ಪ ಯಾರು, ಅಮ್ಮ ಯಾರು, ಮನೆತನ ಹೇಗೆ.”

“ಅದೂ ನೋಡಿ, ಇದೂ ನೋಡಿ. ಗಂಡು ಹುಡುಕೋವಾಗ ಬರೀ ಜಾತಕ ನೋಡ್ತಾರಾ?”

ಮಾತು ಸರಿಯಾಗಿತ್ತು. ವರಾನ್ವೇಷಣೆಯ ಕ್ರಮದಲ್ಲೇ ಮುಂದುವರಿದೆವು. ನಾನು ಆರಿಸಿದ ಕುದುರೆಯ ಹೆಸರು ಸಿಲ್ವರ್ ಥಿಂಬಲ್. ಬೂದು ಬಿಳಿ ಬಣ್ಣ. ತಂದೆ ದೊಡ್ಡ ದೊಡ್ಡ ರೇಸು ಗೆದ್ದವನು. ತಾಯಿ ಮರ್ಯಾದಸ್ಥರ ಲಾಯದವಳು. ಹಿಂದೆ ಯಾವ ಬೇಲಿಯ ಮುಂದೆಯೂ ಹಟ ಹಿಡಿದು ನಿಂತ ದಾಖಲೆ ಇಲ್ಲ. ಹಣೆಯ ಸುಳಿಯನ್ನು ನಾರಾಯಣಮ್ಮ ಪಾಸು ಮಾಡಿದಳು. ಕಿವಿಯನ್ನು ನಾನೇ ಪರೀಕ್ಷಿಸಿದೆ. ಸಿಸ್ಟರ್ ಹೇಳಿದಂತೆಯೇ, ಎರಡೂ ದೀಪದ ಕಂಬದ ಹಾಗೆ ನಿಮಿರಿ ನಿಂತಿದ್ದವು.

ಯಜಮಾನರು ಓಲ್ಡ್ ಪಾರ್ಸನ್ ಎಂಬ ಕಂದು ಮುದುಕನನ್ನು ಆರಿಸಿದರು. ಯಾಕೆಂದು ಕೇಳಿದೆ.

“ಮುಖ ನಮ್ಮ ಹಳೇ ಸೂಪರಿಂಟೆಂಡೆಂಟ್ ಥರ ಇದೆ. ಅವರು ಒಂದು ದಿನಾನೂ ರಜಾ ಹಾಕಿದೋರಲ್ಲ.”

ಇಂಥ ಅನ್‌ಸೈಂಟಿಫಿಕ್ ಮನುಷ್ಯರ ಜೊತೆ ಜೀವನ ಕಳೆದೆನಲ್ಲ ಎಂದು ಮರುಗಿ, ರೇಸಿನ ದಿನ ಮಧ್ಯಾಹ್ನವೇ ಮೈಸೂರು ಪಾಕ್ ಮಾಡಿಟ್ಟೆ.

ಸಂಜೆ ಟಿವಿಯ ಮುಂದೆ ಕೂತೆವು. ನಮ್ಮ ಮನೆಯ ಟಿವಿ ಯಾವಾಗಲೂ ಮೂಕ. ತಮಗೆ ಕೇಳಿಸದ್ದು ಇತರರಿಗೂ ಬೇಡ ಎನ್ನುವುದು ಯಜಮಾನರ ಸಮಾಜವಾದ. ರೇಸು ಶುರುವಾಯಿತು. ಕಂದು, ಕಪ್ಪು ಎಲ್ಲ ಕಲಸಿಕೊಂಡು ಒಂದು ಕೆಸರಿನ ಮೋಡ ಬೇಲಿಯಿಂದ ಬೇಲಿಗೆ ಹಾರುತ್ತಿತ್ತು. ಅದರ ನಡುವೆ ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಸ್ವಲ್ಪ ಹೊತ್ತಿನಲ್ಲೇ ಮುಂದೆ ಬಂತು. ಮುಂದೆಯೇ ಉಳಿಯಿತು. ಬೇಲಿಗಳನ್ನು ಹೊಸ್ತಿಲು ದಾಟಿದ ಹಾಗೆ ದಾಟುತ್ತಿತ್ತು. ಎಂಥ ಹಗುರ, ಎಂಥ ಸ್ವಾತಂತ್ರ್ಯ! ನನಗೆ ಸಿಸ್ಟರ್ ನೆನಪಾದರು.

ಯಜಮಾನರ ಕಣ್ಣೆಲ್ಲ ಕೊನೆಯ ಸಾಲಿನಲ್ಲಿ ಕಾಲೆಳೆಯುತ್ತಿದ್ದ ಓಲ್ಡ್ ಪಾರ್ಸನ್ ಮೇಲೆ. ನಾನು ಅವರ ಮೊಣಕೈ ತಿವಿದು ಬಿಳಿ ಚುಕ್ಕೆ ತೋರಿಸಿದೆ. ಅವರು ಅದರ ಕಡೆ ಕಣ್ಣು ಹಾಯಿಸಲೂ ಇಲ್ಲ, ಎದ್ದೇಬಿಟ್ಟರು. “ಸರಿ, ನಿಂದೇ ಮುಂದಿದ್ದ ಮೇಲೆ ಇನ್ನೇನು ನೋಡೋದು,” ಎಂದು ಬೀರುವಿನ ಕಡೆ ನಡೆದರು. ಮಾತಿಗೆ ತಪ್ಪದ ಮನುಷ್ಯ. ಅವರು ಕರ್ಚೀಫು ಸರಿಸುವಷ್ಟರಲ್ಲಿ ನನ್ನ ಸಿಲ್ವರ್ ಥಿಂಬಲ್ ಮೊಟ್ಟಮೊದಲಾಗಿ ಗುರಿ ಮುಟ್ಟಿತು.

ನಾನು ಬಾಗಿಲಿಗೆ ಹೋಗಿ ನಾರಾಯಣಮ್ಮನನ್ನು ಕೂಗಿದೆ. ಮೈಸೂರು ಪಾಕ್ ಹಂಚಿದೆ. ಯಜಮಾನರು ಮೆಷೀನು ಸಿಕ್ಕಿಸಿಕೊಂಡು ಬಂದು, ಅದು ಕೆಲಸ ಮಾಡುತ್ತದೆಯೋ ನೋಡೋಣವೆಂದು ಟಿವಿಯ ವಾಲ್ಯೂಮ್ ಏರಿಸಿದರು. ಅಲ್ಲಿ ರೇಸನ್ನು ಮತ್ತೊಮ್ಮೆ ತೋರಿಸುತ್ತಿದ್ದರು. ಅವರ ಹುಬ್ಬು ಮೇಲೇರಿತು.

“ಏನೇ, ಈ ಕಾಮೆಂಟ್ರಿಯವನು ನಿನ್ನ ಕುದುರೇನ ರೈಡರ್‌ಲೆಸ್ ಅಂತಿದ್ದಾನಲ್ಲ?”

“ಮೆಷೀನ್ ಅಡ್ಜಸ್ಟ್ ಆಗೋಕೆ ಟೈಮ್ ಬೇಕು.”

ನಾರಾಯಣಮ್ಮ ಟಿವಿಯ ಹತ್ತಿರ ಹೋದಳು. “ಅಕ್ಕಾ, ಕುದುರೆ ಮೇಲೆ ಯಾರೂ ಇಲ್ಲ.”

“ಬಗ್ಗಿ ಕೂತಿರ್ತಾನೆ ಕಣೇ. ಜಾಕಿಗಳು ಹಾಗೇ.”

“ಎಷ್ಟು ಬಗ್ಗಿದ್ರೂ ಕಾಲಾದ್ರೂ ಕಾಣ್ಬೇಕಲ್ಲ.”

ಜಾಕಿ ಎರಡನೆಯ ಬೇಲಿಯಲ್ಲೇ ಉದುರಿಹೋಗಿದ್ದ. ಹಾಗೆ ಬಂದ ಕುದುರೆಗೆ ಲೆಕ್ಕದಲ್ಲಿ ಜಾಗವಿಲ್ಲವಂತೆ. ಓಲ್ಡ್ ಪಾರ್ಸನ್ ಎಲ್ಲರಿಗಿಂತ ಕೊನೆಗೆ, ಸೂಪರಿಂಟೆಂಡೆಂಟರ ಗಾಂಭೀರ್ಯದಲ್ಲಿ, ಬೆನ್ನ ಮೇಲೆ ಸವಾರನ ಸಮೇತ ಗುರಿ ಮುಟ್ಟಿದ್ದ.

ನಾನು ಬಿಡಲಿಲ್ಲ. “ಇದು ಕುದುರೆ ರೇಸ್ ತಾನೆ? ಕುದುರೆ ಬಂತಲ್ಲ?”

“ದಿಬ್ಬಣ ಬಂತು, ಗಂಡು ಬರ್ಲಿಲ್ಲ ಅಂದ್ರೆ ತಾಳಿ ಕಟ್ಟಿಸ್ತಾರಾ?” ಎಂದರು ಯಜಮಾನರು.

ಸೋತ ಬೇಸರಕ್ಕಿಂತ ನನಗೆ ಆಶ್ಚರ್ಯವೇ ಹೆಚ್ಚಾಯಿತು. ನನ್ನ ಮಾತಿಗೆ ಅವರು ತಕ್ಷಣ, ಅದೂ ಸರಿಯಾದ ಉತ್ತರ ಕೊಟ್ಟು ಎಷ್ಟು ಕಾಲವಾಗಿತ್ತೋ. ಅವರಿಗೂ ಹಾಗೇ ಅನ್ನಿಸಿರಬೇಕು. ಗೆದ್ದವರು ತಾವೇ ಆದರೂ ಮೆಷೀನು ತೆಗೆಯಲಿಲ್ಲ.

ಆಪರೇಷನ್ ಆಯಿತು. ನಾನು ಹೆದರಿದಷ್ಟು ಏನೂ ಇರಲಿಲ್ಲ. ಪಟ್ಟಿ ಬಿಚ್ಚಿದ ಮೇಲೆ ಮೊದಲು ಫೋನು ತರಿಸಿ ಸಿಲ್ವರ್ ಥಿಂಬಲ್‌ನ ಫೋಟೋ ನೋಡಿದೆ. ನಾನು ನಿಮಿರಿದ ಕಿವಿ ಎಂದುಕೊಂಡದ್ದು ಅದರ ಹಿಂದಿನ ಬೇಲಿಯ ಎರಡು ಗೂಟ. ಕಿವಿಗಳು ನಮ್ಮ ಜಟಕಾ ಕುದುರೆಯ ಕಿವಿಗಳಂತೆಯೇ ಜೋತುಬಿದ್ದಿದ್ದವು.

“ನೀನಾದ್ರೂ ಹೇಳಬಾರದಾಗಿತ್ತಾ?” ಎಂದು ನಾರಾಯಣಮ್ಮನನ್ನು ಕೇಳಿದೆ.

“ಕಿವಿ ನಿಮ್ಮ ಡಿಪಾರ್ಟ್‌ಮೆಂಟು ಅಂತ ಸುಮ್ನಿದ್ದೆ ಅಕ್ಕಾ.”

ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು, “ಅಲ್ಲಾ, ಅಷ್ಟೊಂದು ಕುದುರೆ ಇತ್ತಲ್ಲ, ಇದನ್ನೇ ಯಾಕೆ ಆರಿಸಿದೆ?”

ಪೆಡಿಗ್ರೀ ಎಂದೆ. ಆಮೇಲೆ ಪಕ್ಕಕ್ಕೆ ತಿರುಗಿ, ನನಗೆ ನಾನೇ ಹೇಳಿಕೊಳ್ಳುವಷ್ಟು ಮೆಲ್ಲಗೆ, “ಅದೊಂದೇ ಕಾಣಿಸ್ತಿತ್ತು,” ಎಂದೆ.

ಪೇಪರು ಅಲುಗಾಡತೊಡಗಿತು. ಅವರಿಗೆ ಕೇಳಿಸಿಬಿಟ್ಟಿತ್ತು.